ಖಾಲಿ ಬಿಟ್ಟ ಕಾಲಂ

ರಾತ್ರಿ ನೆನೆಹಾಕಿದ್ದ ಅವರೆಕಾಳನ್ನು ಹಿತುಕುತ್ತಾ ಶಾಮಲಾ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಹೊಸ ಅವರೆ ಆಗಷ್ಟೇ ದೇವನಹಳ್ಳಿ ಸಂತೆಗೆ ಬಂದಿತ್ತು. ಎರಡು ಬೆರಳ ನಡುವೆ ಮೆಲ್ಲಗೆ ಒತ್ತಿದರೆ ಸಾಕು, ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಚಂಗನೆ ಪಾತ್ರೆಗೆ ಬೀಳುತ್ತಿತ್ತು.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಕೈಯೆಲ್ಲ ಒದ್ದೆ. ಬೆರಳಿನ ಗೆಣ್ಣಿನಿಂದ ಒತ್ತಿ ಸ್ಪೀಕರ್ ಹಾಕಿದಳು.

“ನಮಸ್ತೆ ಮೇಡಂ, ಹುಣಸೆ ನೆರಳು ಆಫೀಸಿಂದ. ನಿಮ್ಮ ಯಜಮಾನ್ರು ಅಪ್ಲಿಕೇಶನ್ ಕೊಟ್ಟು ಹೋಗಿದ್ದಾರೆ. ಎಲ್ಲಾ ಸರಿಯಾಗಿದೆ, ‘ಸಂಬಂಧ’ ಅನ್ನೋ ಕಾಲಂ ಒಂದನ್ನ ಮಾತ್ರ ಖಾಲಿ ಬಿಟ್ಟಿದ್ದಾರೆ. ಸಂಬಂಧ ಇಲ್ಲದೋರಿಗೆ ಇಬ್ಬರ ಮನೆ ಕೊಡಲ್ಲ. ಗಂಡ–ಹೆಂಡತಿ ಅಂತ ನಾನೇ ತುಂಬ್ಲಾ?”

ಸ್ಕೂಲ್ ಮೇಷ್ಟ್ರಾಗಿದ್ದ ಶಾಮಲಾಳ ಗಂಡ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು.

“ಬೇಡಮ್ಮ, ನಾನೇ ಹೇಳ್ತೀನಿ,” ಎಂದು ಫೋನ್ ಇಟ್ಟಳು. ಕತ್ತೆತ್ತಿ ನೋಡಿದರೆ, ಸ್ಕೂಟರ್ ಕೀ ಹಿಡಿದು ಕೆಲಸಕ್ಕೆ ಹೊರಟಿದ್ದ ಮಗಳು ಸಿಂಧು ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಅವಳ ಹಿಂದೆ ವಾಕರ್ ಹಿಡಿದುಕೊಂಡು ಸಿಂಧುವಿನ ಅತ್ತೆ ಅಂಜಿನಮ್ಮ.

“ಯಾವ ಯಜಮಾನ್ರು ಬೀಗ್ತಿ?” ಅಂಜಿನಮ್ಮ ಗಂಭೀರವಾಗಿ ಕೇಳಿದರು. “ಮೇಷ್ಟ್ರು ಫೋಟೋದಿಂದ ಇಳಿದೋಗಿ ಅರ್ಜಿ ಕೊಟ್ಬಂದ್ರಾ?”

ಸಿಂಧು ಏನೋ ಕೇಳಲು ಬಾಯಿ ತೆರೆದಳು. ತಾಯಿಯ ಮುಖ ನೋಡಿದಳು. “ಟೈಮ್ ಆಯ್ತು, ಬರ್ತೀನಿ,” ಎಂದಳು. ಹೊರಗೆ ಸ್ಕೂಟರ್ ಸ್ಟಾರ್ಟ್ ಆಗಲು ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು.

ಹುಣಸೆ ನೆರಳು ಎಂದರೆ ನಲ್ಲೂರಿನ ರಸ್ತೆಯಲ್ಲಿ ಹೊಸದಾಗಿ ಕಟ್ಟಿದ, ವಯಸ್ಸಾದವರಿಗೆಂದೇ ಇರುವ ಮನೆಗಳ ಸಾಲು. ಊಟದ ಹಾಲ್, ನರ್ಸ್, ಮೆಟ್ಟಿಲಿಲ್ಲದ ಬಾಗಿಲು. ಶಾಮಲಾಗೆ ಅರವತ್ತೊಂದು. ಮಗಳು, ಅಳಿಯ ಯಾರೂ ಅವಳನ್ನು ಹೊರೆ ಎಂದವರಲ್ಲ. ಆದರೆ ಚನ್ನರಾಯಪಟ್ಟಣದಲ್ಲಿದ್ದ ಅಂಜಿನಮ್ಮ ಬಿದ್ದು ಸೊಂಟ ಮುರಿದುಕೊಂಡು ಇಲ್ಲಿಗೆ ಬಂದ ಮೇಲೆ, ಎರಡು ರೂಮಿನ ಬಾಡಿಗೆ ಮನೆಯಲ್ಲಿ ಬೀಗ್ತಿಯರಿಬ್ಬರಿಗೂ ಒಂದೇ ಕೋಣೆ, ಒಂದೇ ಕಿಟಕಿ, ಒಂದೇ ಟಿ.ವಿ. ತನ್ನದೇ ಒಂದು ಬಾಗಿಲು ಬೇಕು, ಬೇಕೆನಿಸಿದಾಗ ತೆರೆಯಬೇಕು, ಬೇಡವೆಂದಾಗ ಮುಚ್ಚಬೇಕು ಎಂಬ ಆಸೆ ಅವಳಲ್ಲಿ ಸದ್ದಿಲ್ಲದೆ ಬೆಳೆದಿತ್ತು.

ಒಬ್ಬರ ಮನೆಗೆ ತಿಂಗಳಿಗೆ ಹತ್ತೊಂಬತ್ತು ಸಾವಿರ. ಅವಳಿಗೆ ಬರುತ್ತಿದ್ದ ಫ್ಯಾಮಿಲಿ ಪೆನ್ಷನ್ ಹದಿನಾರು. ಆದರೂ ಒಂದು ಭಾನುವಾರ, ನೋಡುವುದಕ್ಕೇನು ಕಾಸು ಕೊಡಬೇಕೇ ಎಂದು ಅವರ ವ್ಯಾನ್ ಹತ್ತಿ ಹೋಗಿದ್ದಳು.

ಅಲ್ಲಿ ಸಿಕ್ಕವರು ಗೋವಿಂದರಾಜು. ನಿವೃತ್ತ ಪೋಸ್ಟ್‌ಮನ್. ಹೆಂಡತಿ ಇಲ್ಲ, ಮಕ್ಕಳಿಲ್ಲ, ತಮ್ಮನ ಮನೆಯ ಮಹಡಿಯಲ್ಲಿ ವಾಸ. ಅಡುಗೆಮನೆ ನೋಡುವಾಗ ಅವಳು, “ಈ ಶೆಲ್ಫು ಎಟುಕಲ್ಲ,” ಎಂದಳು, ತನ್ನಷ್ಟಕ್ಕೆ ತಾನೇ.

“ಎಟುಕುತ್ತೆ,” ಎಂದಿತು ಹಿಂದಿನಿಂದ ಒಂದು ದನಿ.

“ನಿಮಗೆ ಎಟುಕುತ್ತೆ. ಸಾಂಬಾರ್ ಪುಡಿ ಡಬ್ಬ ಇಳಿಸೋಕೆ ದಿನಾ ನೀವು ಬರ್ತೀರಾ?”

“ಕರೆದ್ರೆ ಬರೋಣ.”

ಆಫೀಸಿನ ಹುಡುಗಿ ನಕ್ಕುಬಿಟ್ಟಿದ್ದಳು. “ದಂಪತಿಗಳೆಲ್ಲ ಇದೇ ಶೆಲ್ಫ್ ಹತ್ರಾನೇ ಜಗಳ ಶುರು ಮಾಡೋದು. ಬನ್ನಿ ಸಾರ್, ಇಬ್ಬರ ಮನೆ ತೋರಿಸ್ತೀನಿ.”

ಅಲ್ಲ ಎಂದು ಅವರು ಹೇಳುತ್ತಾರೆಂದು ಅವಳು ಕಾದಳು. ಅವಳು ಹೇಳುತ್ತಾಳೆಂದು ಅವರು ಕಾದರು. ಇಬ್ಬರೂ ಹೇಳಲಿಲ್ಲ. ಊಟದ ಹಾಲಿನಲ್ಲಿ ಎದುರುಬದುರು ಕೂತಾಗ ಅವರು ಮುದ್ದೆ ಮುರಿಯುತ್ತಾ ಒಮ್ಮೆ ಕಣ್ಣೆತ್ತಿದರು. ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ ಆ ಕಣ್ಣು ಒಂದು ಗಳಿಗೆ ನಿಂತು, ಮತ್ತೆ ತಟ್ಟೆಗೆ ಇಳಿಯಿತು. ಇಷ್ಟು ವಯಸ್ಸಾದವರಿಗೆ ಕಿವಿ ಕೆಂಪಾಗುತ್ತದೆಯೇ ಎಂದು ಶಾಮಲಾಗೆ ಕುತೂಹಲ. ಮತ್ತೊಮ್ಮೆ ನೋಡಿದಳು. ಆಗುತ್ತಿತ್ತು.

ಆಮೇಲೆ ಬುಧವಾರಗಳು. ಬ್ಯಾಂಕಿನ ಎದುರು ಹೊಂಗೆ ಮರದ ಕೆಳಗೊಂದು ಬೆಂಚಿತ್ತು. ಅಲ್ಲಿ ಕೂತು ಅವರು ಯಾವ ಬೀದಿಯ ಯಾವ ಮನೆಯ ನಾಯಿ ತನ್ನನ್ನು ಅಟ್ಟಿಸಿಕೊಂಡು ಬಂದಿತ್ತೆಂದು ಹೇಳುತ್ತಿದ್ದರು. ಅವಳು ಕೇಳುತ್ತಿದ್ದಳು, ಕೆದಕಿ ಕೆದಕಿ ಮತ್ತೂ ಕೇಳುತ್ತಿದ್ದಳು. ಮೂರನೆಯ ಬುಧವಾರ ಅವರೇ ಮಾತು ತೆಗೆದರು. “ಒಬ್ಬರ ಮನೆ ನಿಮಗೂ ಆಗಲ್ಲ, ನನಗೂ ಕಷ್ಟ. ಇಬ್ಬರ ಮನೆ ಇಪ್ಪತ್ತೆಂಟು ಸಾವಿರ. ಇಬ್ಬರದೂ ಸೇರಿದ್ರೆ ಆರಾಮಾಗಿ ಆಗುತ್ತೆ. ಕೊಡ್ತಾರಾ ಅಂತ ಕೇಳಿ ನೋಡ್ಲಾ?”

“ಕೇಳೋದಕ್ಕೇನು,” ಎಂದಿದ್ದಳು.

ಅದಕ್ಕೇ ಈ ಫೋನು.

ಅಂದೂ ಬುಧವಾರವೇ. ಕಾಳು ಹಿತುಕುವುದನ್ನು ಅರ್ಧಕ್ಕೇ ಬಿಟ್ಟು ಬ್ಯಾಂಕಿಗೆ ಹೊರಟಳು. ನವೆಂಬರ್ ತಿಂಗಳು, ಪೆನ್ಷನ್ ಬರುವವರೆಲ್ಲ ತಾವು ಬದುಕಿದ್ದೇವೆಂದು ಬರೆದುಕೊಡಬೇಕಾದ ತಿಂಗಳು. ಗೋವಿಂದರಾಜು ಸಾಲಿನಲ್ಲೇ ಇದ್ದರು, ಇಸ್ತ್ರಿ ಮಾಡಿದ ತಿಳಿನೀಲಿ ಶರ್ಟಿನಲ್ಲಿ.

“ಮನೆಮನೆಗೂ ಹೋಗಿ ಫಾರಂ ತುಂಬಿಕೊಟ್ಟೋರು ನೀವು,” ಎಂದಳು. “ಒಂದು ಕಾಲಂ ಖಾಲಿ ಬಿಡ್ತೀರಾ?”

“ಆಫೀಸಿಂದ ಫೋನ್ ಬಂತಾ?”

“ನಮ್ಮ ಬೀಗ್ತಿ ಎದುರಿಗೇ ಬಂತು.”

ಅವರು ಕನ್ನಡಕ ತೆಗೆದು ಒರೆಸಿದರು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. “ಸುಳ್ಳು ಬರೆಯೋಕೆ ಕೈ ಬರ್ಲಿಲ್ಲ. ನಿಜ ಬರೆಯೋಣ ಅಂದ್ರೆ, ಏನು ಅಂತ ಬರೀಲಿ? ಅದನ್ನ ತುಂಬೋದು ನನ್ನೊಬ್ಬನ ಕೈಲಿಲ್ಲವಲ್ಲ ಶಾಮಲಾ ಅವರೇ.”

ಅಮ್ಮಾ ಎನ್ನಲಿಲ್ಲ, ಮೇಡಂ ಎನ್ನಲಿಲ್ಲ, ಹೆಸರು ಹಿಡಿದೇ ಕರೆದಿದ್ದರು. ಅವಳು ಉತ್ತರ ಹುಡುಕುವ ನೆವದಲ್ಲಿ ಕೈಯಲ್ಲಿದ್ದ ತನ್ನ ಫಾರಂ ನೋಡಿದಳು. ಹನ್ನೊಂದು ವರ್ಷದಿಂದ ಓದದೇ ಸಹಿ ಹಾಕುತ್ತಿದ್ದ ಸಾಲೊಂದು ಕೆಳಗಿತ್ತು. ‘ನಾನು ಮರುಮದುವೆ ಆಗಿರುವುದಿಲ್ಲ ಎಂದು ದೃಢೀಕರಿಸುತ್ತೇನೆ.’

“ನಿಮ್ಮ ಫಾರಂ ತೋರಿಸಿ,” ಎಂದಳು.

ತೋರಿಸಿದರು. ಅದರಲ್ಲಿ ಆ ಸಾಲೇ ಇರಲಿಲ್ಲ. ಅವರದು ದುಡಿದವರ ಪೆನ್ಷನ್, ಅವಳದು ವಿಧವೆಯ ಪೆನ್ಷನ್.

“ಹಾಗಾದ್ರೆ ಮದುವೆ ಆದ್ರೆ ನನ್ನದು ನಿಂತೋಗುತ್ತೆ,” ಎಂದಳು ನಿಧಾನವಾಗಿ. “ನಿಮ್ಮದೊಂದರಲ್ಲೇ ಆ ಮನೆ ಆಗಲ್ಲ. ಮದುವೆ ಆಗದೇ ಇದ್ರೆ ಅವರು ಇಬ್ಬರ ಮನೆ ಕೊಡಲ್ಲ.”

“ನನಗೆ ಗೊತ್ತಿತ್ತು. ಹೇಳೋಕೆ ಧೈರ್ಯ ಬರ್ಲಿಲ್ಲ.” ಕೌಂಟರಿನವರು ಕರೆದದ್ದು ಅವರಿಗೆ ಕೇಳಿಸಲೇ ಇಲ್ಲ. “ಕೆಲವರು ದೇವಸ್ಥಾನದಲ್ಲಿ ತಾಳಿ ಕಟ್ಕೊಂಡು ಸುಮ್ಮನಿದ್ಬಿಡ್ತಾರೆ, ರಿಜಿಸ್ಟರ್ ಮಾಡ್ಸಲ್ಲ.”

“ಹಾಗೆ ಇರೋಣ ಅಂತೀರಾ?”

“ಇಲ್ಲ. ನಿಮ್ಮ ಮುಖ ನೋಡ್ದೆ. ವರ್ಷಾ ವರ್ಷಾ ಇಲ್ಲಿ ಬಂದು ಸುಳ್ಳಿಗೆ ಸಹಿ ಹಾಕೋರು ನೀವಲ್ಲ.”

ಅವಳು ಸಹಿ ಹಾಕಲಿಲ್ಲ. ಫಾರಂ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ತಿಂಗಳ ಕೊನೆಗೆ ಇನ್ನೂ ಒಂಬತ್ತು ದಿನವಿತ್ತು.

ಮನೆಯಲ್ಲಿ ಎಲ್ಲವನ್ನೂ ಹೇಳಿದಳು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಆ ವಾರವೆಲ್ಲ ಸಿಂಧು ಕೇಳಿದ್ದೇ ಕೇಳಿದ್ದು. ಡಾಕ್ಟರ್ ದಿನಾ ಬರ್ತಾರಾ? ಕೊಟ್ಟ ಡಿಪಾಸಿಟ್ ವಾಪಸ್ ಬರುತ್ತಾ? ಬಿಸಿನೀರು ಎಷ್ಟು ಹೊತ್ತು ಬಿಡ್ತಾರೆ? ಗೋವಿಂದರಾಜು ಎಂಬ ಹೆಸರಿನ ಸುತ್ತ ಮಾತ್ರ, ಆಗಷ್ಟೇ ಒರೆಸಿದ ನೆಲವನ್ನು ಬಳಸಿಕೊಂಡು ಹೋಗುವವರಂತೆ, ಹೆಜ್ಜೆ ತಪ್ಪಿಸಿ ನಡೆಯುತ್ತಿದ್ದಳು. ಮಗಳು ಚಿಕ್ಕವಳಿದ್ದಾಗಲೂ ಹೀಗೆಯೇ. ಬೇಕಾದ್ದನ್ನು ಬಿಟ್ಟು ಉಳಿದದ್ದೆಲ್ಲ ಕೇಳುತ್ತಿದ್ದಳು. ಶಾಮಲಾ ಆಗಲೂ ಅವಸರ ಮಾಡಿರಲಿಲ್ಲ, ಈಗಲೂ ಮಾಡಲಿಲ್ಲ.

ಅಳಿಯ ಅನಿಲ್‌ಕುಮಾರ್ ಒಂದು ಉಪಾಯ ಹೇಳಿದ. “ಅಣ್ಣ–ತಂಗಿ ಅಂತ ಬರೆಸಿಬಿಡಿ ಅತ್ತೆ. ಯಾರು ನೋಡ್ತಾರೆ?”

“ಅಣ್ಣ ಅಂದ್ಮೇಲೆ ಗೌರಿ ಹಬ್ಬಕ್ಕೆ ಬಾಗಿನ ಕೊಡ್ಬೇಕಾಗ್ತದಪ್ಪ,” ಎಂದರು ಅಂಜಿನಮ್ಮ. “ಆವಯ್ಯ ಇಸ್ತ್ರಿ ಶರ್ಟು ಹಾಕ್ಕಂಡು ಬ್ಯಾಂಕಿಗೆ ಬರೋದು ಬಾಗಿನ ಕೊಡಕ್ಕಲ್ಲ ಬಿಡು.”

ರಾತ್ರಿ ಟಿ.ವಿ. ಆರಿದ ಮೇಲೆ ಅದೇ ಅಂಜಿನಮ್ಮ ಮೆಲ್ಲಗೆ ಹೇಳಿದರು. “ಬೀಗ್ತಿ, ನಮ್ಮದು ಅಂತ ಕೈಗೆ ಬರೋ ಕಾಸು ಬಿಡ್ಬೇಡಿ. ನಂಗಂತೂ ಅದೂ ಇಲ್ಲ. ಇಲ್ಲದೋಳಿಗೇ ಅದರ ಬೆಲೆ ಗೊತ್ತು.”

ಶಾಮಲಾಗೂ ಅದೇ ಭಯ. ಸೋಪಿಗೆ, ಮಾತ್ರೆಗೆ, ಯಾರದೋ ಮದುವೆಯ ಮುಯ್ಯಿಗೆ ಯಾರ ಕೈಯನ್ನೂ ನೋಡದೆ ಹನ್ನೊಂದು ವರ್ಷ ಕಳೆದಿದ್ದಳು. ಒಂದು ಸಹಿ ಬಿಟ್ಟರೆ ಅದಷ್ಟೂ ಹೋಗುತ್ತದೆ. ಹಾಕಿದರೆ ಬುಧವಾರದ ಬೆಂಚು ಬೆಂಚಾಗಿಯೇ ಉಳಿಯುತ್ತದೆ.

ಭಾನುವಾರ ಬೆಳಗ್ಗೆ ಗೋವಿಂದರಾಜು ಮನೆಗೇ ಬಂದರು. ಮೊದಲೇ ಫೋನ್ ಮಾಡಿ, ಬರಬಹುದೇ ಎಂದು ಸಿಂಧುವನ್ನು ಕೇಳಿಕೊಂಡು ಬಂದಿದ್ದರು. ಕಾಫಿ ಮುಟ್ಟುವ ಮೊದಲೇ ಮಾತು ಶುರು ಮಾಡಿದರು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದವರ ಹಾಗೆ.

“ನಲ್ಲೂರಿನ ಅರ್ಜಿ ವಾಪಸ್ ತಗೊಂಡೆ. ಆವತಿಯಲ್ಲಿ, ನನ್ನ ಜೊತೆ ಪೋಸ್ಟಾಫೀಸಲ್ಲಿದ್ದ ಅಪ್ಪಯ್ಯಣ್ಣನ ಮನೆ ಪಕ್ಕ ಒಂದು ಪೋರ್ಷನ್ ಖಾಲಿ ಇದೆ. ಐದೂವರೆ ಸಾವಿರ ಬಾಡಿಗೆ. ನನ್ನ ಪೆನ್ಷನ್ ಹದಿನೆಂಟು, ಅದರಲ್ಲೇ ನಡೆಯುತ್ತೆ. ನರ್ಸ್ ಇರಲ್ಲ. ಊಟದ ಹಾಲ್ ಇರಲ್ಲ, ಅಡುಗೆ ನಾನೂ ಮಾಡ್ತೀನಿ.” ಅಲ್ಲಿಗೆ ಬಾಯಿಪಾಠ ಮುಗಿಯಿತೋ ಏನೋ, ದನಿ ತಗ್ಗಿತು. “ಪೆನ್ಷನ್ ಬಿಡಿ ಅಂತ ಕೇಳೋ ಹಕ್ಕು ನನಗಿಲ್ಲ. ಒಂದು ವಿಷಯ ಮಾತ್ರ ವಿಚಾರಿಸ್ಕೊಂಡು ಬಂದೆ. ರಿಟೈರ್ ಆದ್ಮೇಲೆ ಮದುವೆ ಆದ್ರೂ ನನ್ನ ಪೆನ್ಷನ್ ಕಾಗದದಲ್ಲಿ ನಿಮ್ಮ ಹೆಸರು ಸೇರಿಸಬಹುದಂತೆ. ನಾನು ಹೋದ್ಮೇಲೂ ಅದರಲ್ಲಿ ಒಂದು ಭಾಗ ನಿಮಗೆ ಬರುತ್ತೆ. ಇರೋವರೆಗೆ, ಒಂದನೇ ತಾರೀಖು ಅರ್ಧ ನಿಮ್ಮ ಅಕೌಂಟಿಗೆ. ಲೆಕ್ಕ ಕೇಳಲ್ಲ.”

ಅಂಜಿನಮ್ಮ ಟಿ.ವಿ.ಯ ದನಿಯನ್ನು ಪೂರ್ತಿ ಇಳಿಸಿದರು.

“ಬೇಡ ಅನ್ನಿಸಿದ್ರೆ ಫಾರಂಗೆ ಸಹಿ ಹಾಕಿ,” ಎಂದರು ಗೋವಿಂದರಾಜು. “ನಾನೇನೂ ತಪ್ಪು ತಿಳ್ಕೊಳ್ಳಲ್ಲ. ಬುಧವಾರ ಬೆಂಚಿನ ಹತ್ರ ಇದ್ದೇ ಇರ್ತೀನಿ.”

ಶಾಮಲಾ ಅವರ ಕಾಲರ್ ನೋಡುತ್ತಿದ್ದಳು. ಒಂದು ಕಡೆ ಇಸ್ತ್ರಿಯ ಗೆರೆ ಎರಡಾಗಿ ಬಿದ್ದಿತ್ತು. ಅವಸರದಲ್ಲಿ ತಾವೇ ಮಾಡಿಕೊಂಡಿರಬೇಕು. ಈ ಮನುಷ್ಯ ಬೆಳಗ್ಗೆ ಎಷ್ಟು ಹೊತ್ತಿಗೆ ಏಳುತ್ತಾರೆ, ಎದ್ದ ಕೂಡಲೇ ಮಾತಾಡುತ್ತಾರೋ ಸುಮ್ಮನಿರುತ್ತಾರೋ, ಉಪ್ಪಿಟ್ಟಿಗೆ ಸಕ್ಕರೆ ಹಾಕಿಕೊಳ್ಳುವವರೋ ಉಪ್ಪಿನಕಾಯಿಯೋ, ಇದೊಂದೂ ತನಗೆ ಗೊತ್ತಿಲ್ಲವಲ್ಲ ಎನಿಸಿತು. ಗೊತ್ತಾಗಬೇಕು ಎನಿಸಿತು.

“ಅಡುಗೆಮನೆ ಕಿಟಕಿ ಯಾವ ಕಡೆಗಿದೆ?” ಎಂದಳು.

“ಕಿಟಕಿನಾ?” ಅವರು ತಡವರಿಸಿದರು. “ಬೆಟ್ಟದ ಕಡೆಗೆ ಅನ್ಸುತ್ತೆ.”

“ಅನ್ಸುತ್ತೆ ಅಂದ್ರೆ? ನೋಡ್ಲಿಲ್ವಾ? ನೀರು ದಿನಾ ಬಿಡ್ತಾರಾ?”

“ದಿನ ಬಿಟ್ಟು ದಿನ ಅಂದ್ರು.”

“ಡ್ರಮ್ ಇದೆಯಾ? ಬಟ್ಟೆ ಎಲ್ಲಿ ಒಣಗಿಸೋದು?”

“ಅದನ್ನ ಕೇಳ್ಲಿಲ್ಲ.”

“ಅಷ್ಟು ದೂರ ಹೋಗಿ ಏನು ನೋಡ್ಕೊಂಡು ಬಂದ್ರಿ ಮತ್ತೆ?”

“ಕೊಡ್ತಾರಾ ಅಂತ ಕೇಳ್ದೆ, ಕೊಡ್ತೀವಿ ಅಂದ್ರು, ಖುಷಿಗೆ ಬಂದ್ಬಿಟ್ಟೆ,” ಎಂದರು ಗೋವಿಂದರಾಜು. ಕಿವಿ ಕೆಂಪಾಗಿತ್ತು. ಅದನ್ನು ನೋಡಿ ಶಾಮಲಾಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಆ ನಗುವಿನಲ್ಲೇ ಅವರತ್ತ ನೋಡಿದಳು, ಈ ಸಲ ಕಣ್ಣು ಕೀಳದೆ.

ಸಿಂಧು ತಾಯಿಯ ಮುಖವನ್ನೇ ನೋಡುತ್ತಿದ್ದಳು. ಅಪ್ಪ ಹೋದ ಮೇಲೆ ಈ ಮುಖದಲ್ಲಿ ಇಷ್ಟೊಂದು ಪ್ರಶ್ನೆಗಳನ್ನು ಒಟ್ಟಿಗೆ ಅವಳು ಕಂಡಿರಲಿಲ್ಲ. ಗೋಡೆಗೆ ಒರಗಿ ನಿಂತಿದ್ದವಳು ಬಂದು ತಾಯಿಯ ಪಕ್ಕದಲ್ಲಿ, ಚಿಕ್ಕಂದಿನಲ್ಲಿ ಕೂರುತ್ತಿದ್ದ ಹಾಗೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಳು.

“ಅಮ್ಮ,” ಎಂದಳು, “ನಿಂಗೆ ಇವರಂದ್ರೆ ಇಷ್ಟಾನಾ?”