ದ್ರಾವಕದ ಕೋಣೆಯಲ್ಲಿ ಸಿಕ್ಕ ಲೈಟರ್

ಜನವರಿ ಹದಿನೇಳು, ಬುಧವಾರ ಬೆಳಗ್ಗೆ ಡೆಲ್ಫಿನಾ ಫೆಲ್ಗೈರಾಸ್ ಊರಿನ ಪೊಲೀಸ್ ಠಾಣೆಗೆ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವಳ ಗಂಡ ಜಸಿಂತು ಊರಾಚೆಯ ಶೂ ಕಾರ್ಖಾನೆಯಲ್ಲಿ ಅಂಟಿಗೆ ಬೆರೆಸುವ ದ್ರಾವಕವನ್ನು ಪೀಪಾಯಿಯಿಂದ ಕ್ಯಾನಿಗೆ ತುಂಬುವವನು. ಸೋಮವಾರ ಮಧ್ಯಾಹ್ನ ಆ ಕೋಣೆಗೆ ಬೆಂಕಿ ಬಿದ್ದಿತ್ತು. ಈಗ ಅವನನ್ನು ಪೋರ್ತು ನಗರದ ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಹಾಕಿ ಮಲಗಿಸಿದ್ದರು.

"ಸಿಗರೇಟು ಹಚ್ಚಿದ್ದಕ್ಕೇ ಬೆಂಕಿ ಬಿತ್ತು ಅಂತಾರೆ ಮೇಡಮ್. ಲೈಟರ್ ಸಿಕ್ತಂತೆ. ಅವರು ಸಿಗರೇಟು ಬಿಟ್ಟು ಯಾವ ಕಾಲ ಆಯ್ತು."

"ಕದ್ದು ಸೇದ್ತಿರಬಹುದು" ಎಂದರು ಇನ್‌ಸ್ಪೆಕ್ಟರ್ ಒಟೀಲಿಯಾ ಸೀಬ್ರ.

"ಸೇದಿದ್ರೆ ನನ್ನ ಮೂಗಿಗೆ ಗೊತ್ತಾಗ್ತಿತ್ತು. ಬಾಯಿ ಬಿಡಕ್ಕಾಗದೆ ಬಿದ್ದಿದ್ದಾರೆ ಅಂತ ಎಲ್ಲಾ ಅವರ ತಲೆಗೇ ಕಟ್ತಿದ್ದೀರಿ. ಹಾಸಿಗೆಯಿಂದ ಎದ್ರೆ ನೇರ ಜೈಲಿಗಾ?"

ಹೋಗಬೇಕಾದ್ದು ಜೈಲಿಗೇ ಆಗಿತ್ತು. ಎಫ್‌ಐಆರ್‌ನಲ್ಲಿ ಆಗಲೇ ಜಸಿಂತುವಿನ ಹೆಸರು ಬಿದ್ದಿತ್ತು. ಸೀಬ್ರ ಅವಳ ದೂರನ್ನು ಬರೆಸಿಕೊಂಡು ಕಾನ್‌ಸ್ಟೇಬಲ್ ವಾಲ್ದೆಮಾರನ ಜೊತೆ ಜೀಪು ಹತ್ತಿದರು.

ಶೂ ಹೊಲಿದು ಬದುಕುವ ಈ ಊರಿನ ಜನ ಮೊದಲು ಎದುರಿಗಿದ್ದವರ ಕಾಲು ನೋಡುತ್ತಾರೆ, ಆಮೇಲೆ ಮುಖ. ಕಾರ್ಖಾನೆಯ ಮೇಸ್ತ್ರಿ, ಡೆಲ್ಫಿನಾಳ ತಂದೆ ಅಬೀಲ್ಯು, ಗೇಟಿನಲ್ಲೇ ವಾಲ್ದೆಮಾರನ ಪಾದಗಳನ್ನು ನೋಡಿದ. ಅವನ ಎರಡೂ ಅಂಗೈಗೆ ಬ್ಯಾಂಡೇಜು ಸುತ್ತಿತ್ತು.

"ಈ ಬೂಟು ಸರ್ಕಾರ ಕೊಟ್ಟಿದ್ದಾ?"

"ಹೌದು."

"ಹಂಗೇ ಕಾಣತ್ತೆ. ಕೈ ವಾಸಿಯಾಗ್ಲಿ, ಮನುಷ್ಯರು ಹಾಕೋ ಹಂಗೆ ಮಾಡ್ಕೊಡ್ತೀನಿ."

ವಾಲ್ದೆಮಾರ್ ನಕ್ಕ. ಸೀಬ್ರಗೆ ಮಾತ್ರ ಕಸಿವಿಸಿಯಾಯಿತು. ಅಳಿಯ ಸಾವು ಬದುಕಿನ ನಡುವೆ ಇರುವಾಗ ಇಂಥ ಮಾತಾದರೂ ಹೇಗೆ ಬರುತ್ತದೆ?

ಇಬ್ಬರು ಪಂಚರ ಮುಂದೆ ಪಂಚನಾಮೆ ಶುರುವಾಯಿತು. ಕಿಡಿ ಹಾರದಂತೆ ಪೀಪಾಯಿಯಿಂದ ನೆಲಕ್ಕೆ ಹೋಗುವ ತಂತಿ ಸರಿಯಾಗಿತ್ತು. ಪೀಪಾಯಿಗೂ ಕ್ಯಾನಿಗೂ ನಡುವಿನ ತಾಮ್ರದ ತಂತಿ ಎರಡೂ ಕಡೆ ಭದ್ರವಾಗಿ ಕಚ್ಚಿಕೊಂಡಿತ್ತು. ಆವಿ ಎಳೆಯುವ ಫ್ಯಾನು ಚಾಲೂ ಇದ್ದದ್ದನ್ನು ಹೊರಗಿದ್ದವರೆಲ್ಲ ಕೇಳಿದ್ದರು. ಜಸಿಂತು ಮಾಡಬೇಕಾದ್ದನ್ನೆಲ್ಲ ಮಾಡಿಯೇ ದ್ರಾವಕ ಸುರಿದಿದ್ದ. ಇಷ್ಟು ಜೋಪಾನದ ಮನುಷ್ಯ ಅಲ್ಲೇ ನಿಂತು ಲೈಟರ್ ಹೊತ್ತಿಸುತ್ತಾನೆಂದರೆ ನಂಬುವುದು ಕಷ್ಟವಿತ್ತು.

ಮೂಲೆಯಲ್ಲಿದ್ದ ಪ್ಲಾಸ್ಟಿಕ್ ಬುಟ್ಟಿ ಕರಗಿ ನೆಲಕ್ಕೆ ಮೆತ್ತಿತ್ತು. ಅದರ ಪಕ್ಕದಲ್ಲೇ ಸಿಕ್ಕಿದ್ದ ಲೈಟರಿನ ಪ್ಲಾಸ್ಟಿಕ್ ಮೈಗೆ ಮಸಿ ಕೂಡ ಹತ್ತಿರಲಿಲ್ಲ.

"ಬೆಂಕಿ ಆರಿದ ಮೇಲೆ ಮೊದಲು ಒಳಗೆ ಹೋದವರು ಯಾರು?" ಸೀಬ್ರ ಕೇಳಿದರು.

"ನಾನೇ" ಎಂದ ಅಬೀಲ್ಯು. "ಅವನನ್ನ ಹೊರಗೆ ಎಳ್ಕೊಂಡು ಬಂದವನೂ ನಾನೇ."

ಸೀಬ್ರ ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿದರು. ಮುಖ, ಎದೆ, ಕೈ ಸುಟ್ಟಿವೆ, ಪಾದಕ್ಕೇನೂ ಆಗಿಲ್ಲ, ಬರಿಗಾಲಲ್ಲಿ ತಂದಿದ್ದರು ಎಂದಳು ನರ್ಸು.

"ಅವನ ಶೂ ಎಲ್ಲಿ?" ಸೀಬ್ರ ಅಬೀಲ್ಯು ಕಡೆ ತಿರುಗಿದರು.

"ಸುಟ್ಟೋಯ್ತು."

"ಪಾದ ಸುಡದೆ ಶೂ ಸುಡ್ತಾ ಮೇಸ್ತ್ರಿ?"

ಅಬೀಲ್ಯು ಕೆಲಸವಿದೆಯೆಂದು ಒಳಗೆ ಹೋದ.

ಕೋಣೆಯ ಬಾಗಿಲಲ್ಲಿ, ಒಳಗೆ ಹೋಗುವವರು ಮೊದಲು ಹತ್ತಿ ನಿಲ್ಲಬೇಕಾದ ಒಂದು ಲೋಹದ ತಟ್ಟೆಯಿತ್ತು. ನಡೆದಾಡುವಾಗ ಮೈಯಲ್ಲಿ ವಿದ್ಯುತ್ತು ಸೇರುತ್ತದೆ. ಅದು ಶೂ ಮೂಲಕ ನೆಲಕ್ಕೆ ಇಳಿಯುವಂತಿದ್ದರೆ ತಟ್ಟೆಯ ದೀಪ ಹಸಿರು, ಇಲ್ಲವಾದರೆ ಕೆಂಪು. ಅಂಟು ಬಳಿಯುವ ಗ್ರಾಸಿಂದಾ ಎಂಬ ಹೆಂಗಸನ್ನು ಸೀಬ್ರ ಪಕ್ಕಕ್ಕೆ ಕರೆದರು.

"ಸೋಮವಾರ ಜಸಿಂತು ನಿಂತಾಗ ಯಾವ ದೀಪ ಬಂತು?"

"ಕೆಂಪು. ಅವನು ವಾಪಸ್ ಹೊರಟಿದ್ದ. ಮೆಷಿನ್ ಕೆಟ್ಟಿದೆ, ಹೋಗು ಅಂದ್ರು ಮೇಸ್ತ್ರಿ. ಮಾವನ ಮಾತು, ಹೋದ."

ವಾಲ್ದೆಮಾರ್ ಕಾರ್ಖಾನೆಯ ಸುರಕ್ಷಾ ಶೂ ಹಾಕಿಕೊಂಡು ತಟ್ಟೆಯ ಮೇಲೆ ನಿಂತ. ಹಸಿರು ಬಂತು. ಮೆಷಿನ್ ಕೆಟ್ಟಿರಲಿಲ್ಲ.

ಮರುದಿನ ಬೆಳಗ್ಗೆ ನ್ಯಾಯಾಲಯದ ಅನುಮತಿ ಪಡೆದು ಅಬೀಲ್ಯುವಿನ ಮನೆ ಶೋಧಿಸಿದರು. ಹಿತ್ತಲ ಶೆಡ್ಡಿನಲ್ಲಿ, ಮರದ ಅಚ್ಚುಗಳ ಹಿಂದೆ, ಬಟ್ಟೆಯಲ್ಲಿ ಸುತ್ತಿದ್ದ ಜಸಿಂತುವಿನ ಶೂ ಸಿಕ್ಕಿತು. ಮೇಲ್ಭಾಗ ಕಾರ್ಖಾನೆ ತರಿಸಿಕೊಟ್ಟದ್ದೇ. ಕೆಳಗಿನ ಅಟ್ಟೆ ಬೇರೆ. ದಪ್ಪನೆಯ, ಮೆತ್ತನೆಯ ರಬ್ಬರು, ಸುತ್ತಲೂ ಕೈಹೊಲಿಗೆ. ಕಾರ್ಖಾನೆಗೆ ತಂದು, ವಾಲ್ದೆಮಾರ್ ಅದನ್ನು ಹಾಕಿಕೊಂಡು ತಟ್ಟೆಯ ಮೇಲೆ ನಿಂತಾಗ ದೀಪ ಕೆಂಪಾಯಿತು. ಜಸಿಂತುವಿನ ಮೈಯಲ್ಲಿ ಸೇರಿದ್ದ ವಿದ್ಯುತ್ತು ಇಳಿಯಲು ದಾರಿಯಿಲ್ಲದೆ, ಕೈ ಕ್ಯಾನಿಗೆ ತಾಗಿದಾಗ ಕಿಡಿಯಾಗಿ ಹಾರಿತ್ತು.

ಠಾಣೆಯಲ್ಲಿ ಅಬೀಲ್ಯು ಹೆಚ್ಚು ಸತಾಯಿಸಲಿಲ್ಲ.

"ಕಾರ್ಖಾನೆ ಕೊಟ್ಟಿದ್ದು ಅಟ್ಟೆನಾ ಮೇಡಮ್? ಹಲಗೆ. ಹಿಮ್ಮಡಿ ನೋವು ಅಂತ ಅಳಿಯ ಕುಂಟ್ತಿದ್ದ. ಬೇರೆಯವರು ಹಾಕಿದ ಅಟ್ಟೆ ನಮ್ಮನೇಲಿ ಯಾರೂ ತುಳಿದಿಲ್ಲ. ಭಾನುವಾರ ಕೂತು ಹಾಕ್ಕೊಟ್ಟೆ."

"ಕೆಂಪು ದೀಪ ನೋಡಿದ್ರಲ್ಲ?"

"ನೋಡ್ದೆ. ನನ್ನ ಕೆಲಸದಲ್ಲಿ ಒಂದು ದೀಪ ತಪ್ಪು ಹಿಡಿಯತ್ತಾ ಅನ್ನಿಸ್ತು."

"ಲೈಟರ್?"

"ನಂದೇ. ನೂಲಿನ ತುದಿ ಸುಡಕ್ಕೆ ಇಟ್ಕೊಂಡಿದ್ದು."

ಅಜಾಗರೂಕತೆಯಿಂದ ಬೆಂಕಿಗೆ ಕಾರಣನಾದದ್ದು, ಸುಳ್ಳು ಸಾಕ್ಷ್ಯ ಇಟ್ಟದ್ದು, ಎರಡರ ಮೇಲೂ ದಸ್ತಗಿರಿಯಾಯಿತು. ಜಸಿಂತುವಿನ ಹೆಸರನ್ನು ಆರೋಪಿಯ ಜಾಗದಿಂದ ತೆಗೆಯಲು ಸೀಬ್ರ ವರದಿ ಬರೆದರು. ಡೆಲ್ಫಿನಾಳನ್ನು ಕರೆಸಿ ಎಲ್ಲವನ್ನೂ ತಾವೇ ಹೇಳಿದರು. ಅವಳು ತಂದೆಯ ಎದುರು ಹೋಗಿ ನಿಂತಳು.

"ಅಟ್ಟೆ ಹಾಕಿದ್ದನ್ನ ಕ್ಷಮಿಸ್ತಿದ್ದೆ ಅಪ್ಪ. ಲೈಟರ್ ಇಡಕ್ಕೆ ಕೈ ಹೆಂಗೆ ಬಂತು?"

"ನಿನಗೆ ಗೊತ್ತಾದ್ರೆ ನನ್ನ ಮುಖ ನೋಡಲ್ಲ ಅಂತ."

ಆ ಭಯವೊಂದೇ ಅವನಿಂದ ಇದನ್ನು ಮಾಡಿಸಿತ್ತು. ಅಳಿಯನನ್ನು ಬೆಂಕಿಯಿಂದ ಎಳೆದು ತಂದ ಮನುಷ್ಯ, ಅದೇ ಸುಟ್ಟ ಕೈಗಳಿಂದ ಅವನನ್ನು ಜೈಲಿನ ಬಾಗಿಲಿಗೆ ತಳ್ಳಿದ್ದ.

ಡೆಲ್ಫಿನಾ ಪೋರ್ತು ಬಸ್ಸಿಗೆ ಹೊರಟಳು. ಮೆಟ್ಟಿಲಲ್ಲಿ ನಿಂತು ಸೀಬ್ರ ಕಡೆ ತಿರುಗಿದಳು.

"ಸಿಗರೇಟಿನ ಮಾತು ಸುಳ್ಳು ಅಂತ ಹೋಗಿ ಅವರ ಕಿವೀಲಿ ಹೇಳ್ತೀನಿ. ಹಾಗಾದ್ರೆ ಬೆಂಕಿ ಹೇಗೆ ಬಿತ್ತು ಅಂತ ಆಮೇಲೆ ಕಣ್ಣಲ್ಲೇ ಕೇಳ್ತಾರೆ. ಅವರಿಗೆ ನಮ್ಮಪ್ಪ ಅಂದ್ರೆ ಪ್ರಾಣ ಮೇಡಮ್."