ಯಾರೂ ನಿಲ್ಲಿಸದ ಟಿಕ್ ಟಿಕ್

ಗಿಟಾರ್ ಇಲ್ಲ!

ನಿನ್ನೆ ಸಂಜೆ ಪೆಟ್ಟಿಗೆ ಸಮೇತ ವೇದಿಕೆಯ ಮೇಲೆ ಇಟ್ಟಿದ್ದು. ಬೆಳಗ್ಗೆ ನಾನೇ ಬೀಗ ತೆಗೆದೆ. ಹಾಡುವವಳ ಕುರ್ಚಿ ಇತ್ತು, ಕಾಲಿಡುವ ಮಣೆ ಇತ್ತು. ಗಿಟಾರ್ ಇದ್ದ ಜಾಗ ಬೋಳಾಗಿತ್ತು. ವೇದಿಕೆಗೆಂದು ಬೇಡಿ ತಂದಿದ್ದ ಮೇಜಿನ ದೀಪ ನನ್ನ ಕೈಯಲ್ಲೇ ಉಳಿಯಿತು.

ನನ್ನ ಹಿಂದೆ ಬಂದ ಪಿಸುಮಾತು ಹೊಸ್ತಿಲಲ್ಲೇ ಕುಸಿದು ಕುಳಿತಳು.

ಪಿಸುಮಾತು ನನ್ನ ಜೊತೆ ಒಂದೇ ರೂಮಿನಲ್ಲಿರುವವಳು. ಧ್ವನಿ ಅಷ್ಟು ಸಣ್ಣದೆಂದು ಸಂಗೀತ ಕಾಲೇಜಿನಲ್ಲಿ ಬಿದ್ದ ಹೆಸರು ಅದು. ಓದು ಮುಗಿಸುವ ಮುನ್ನ ಪ್ರತಿ ವಿದ್ಯಾರ್ಥಿಯೂ ಒಂದು ಕಾರ್ಯಕ್ರಮ ಕೊಡಬೇಕು. ಇವಳು ತನ್ನ ಧ್ವನಿಗೆ ತಕ್ಕಂತೆ ಯೋಜಿಸಿದ್ದಳು: ದೊಡ್ಡ ಸಭಾಂಗಣ ಬೇಡ, ಮೈಕು ಬೇಡ. ಈ ಹಳೆಯ ಅಭ್ಯಾಸದ ಕೋಣೆ, ಅರ್ಧವೃತ್ತದಲ್ಲಿ ಕುರ್ಚಿಗಳು, ತಾನೇ ಬರೆದ ಹಾಡುಗಳು. ಕೊನೆಯ ಹಾಡಿನ ನಡುವೆ ಅವಳು ಸುಮ್ಮನಾಗಬೇಕು. ಆಗ ಮುಂದಿನ ಸಾಲಿನಲ್ಲಿ ಕುಳಿತ ಅಮ್ಮ, ಅವಳನ್ನು ಚಿಕ್ಕಂದಿನಲ್ಲಿ ಮಲಗಿಸುವಾಗ ಹಾಡುತ್ತಿದ್ದ ಸಾಲನ್ನು ಎತ್ತಿಕೊಳ್ಳಬೇಕು. ಗಂಡ ಹೋದ ಮೇಲೆ ಒಂಟಿಯಾಗಿ ಮಗಳನ್ನು ಬೆಳೆಸಿದ ಅಮ್ಮ. ಇಡೀ ಕಾರ್ಯಕ್ರಮ ಆ ಒಂದು ಸಾಲಿಗಾಗಿಯೇ ಎಂದು ನನಗೆ ಗೊತ್ತಿತ್ತು.

ಪಕ್ಕದ ಕೋಣೆಯಲ್ಲಿ ಗುಡುಗು ಡ್ರಮ್ಸ್ ಬಡಿಯುತ್ತಿದ್ದ. ಅವನ ಹೆಸರಿಗೆ ವಿವರಣೆ ಬೇಕಿಲ್ಲ. ನಮ್ಮ ಕಿರುಚಾಟ ಕೇಳಿ ಮೇಷ್ಟ್ರು ಓಡಿ ಬಂದರು. ಪಿಸುಮಾತಿನ ಅಮ್ಮನೂ ಬಂದು ಮುಂದಿನ ಕುರ್ಚಿಯಲ್ಲಿ ಕುಳಿತು ಕನ್ನಡಕ ಒರೆಸತೊಡಗಿದರು.

"ಬೇರೆ ಗಿಟಾರ್ ತಗೊಂಡು ಹಾಡಮ್ಮ," ಎಂದರು ಮೇಷ್ಟ್ರು.

"ನನ್ನ ಬೆರಳು ನೋಡಿ ಸಾರ್, ಎಷ್ಟು ಗಿಡ್ಡ! ಈ ಕೈಗೆ ಅಂತಾನೇ ಮಾಡಿಸಿದ್ದು ಅದು. ಬೇರೇದರಲ್ಲಿ ನನ್ನ ಹಾಡು ಒಂದೂ ಬರಲ್ಲ."

ಮೇಷ್ಟ್ರು ಅಮ್ಮನ ಕುರ್ಚಿಯ ಹಿಂದೆ ನಿಂತು ತಲೆ ಹಿಡಿದುಕೊಂಡರು. "ಇವತ್ತು ಸಂಜೆ ಹಾಡದೇ ಹೋದ್ರೆ ಇಡೀ ವರ್ಷ ಹೋಯ್ತು. ನಾನೇ ಹೋಗಿ ಕಾಲು ಹಿಡಿದ್ರೂ ದಿನ ಬದಲಾಯಿಸಲ್ಲ ಪರೀಕ್ಷೆಯವರು."

ಪಿಸುಮಾತು ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮ ಮಾತ್ರ ಕನ್ನಡಕ ಒರೆಸುತ್ತಲೇ ಇದ್ದರು. ಎಂಥ ಗಟ್ಟಿ ಹೆಂಗಸು ಎಂದುಕೊಂಡೆ.

ಅಷ್ಟರಲ್ಲಿ ಅತ್ತೆ ಬಂದರು. ಪಿಸುಮಾತಿನ ಅಪ್ಪನ ತಂಗಿ, ದೂರದ ಊರಿನಿಂದ ಹಾಡು ಕೇಳಲೆಂದೇ ಬಂದವರು. ವಿಮಾ ಕಂಪನಿಯಲ್ಲಿ ಸುಟ್ಟ ಅಂಗಡಿಗಳ ಬೂದಿ ಕೆದಕಿ, ಬೆಂಕಿ ಬಿದ್ದದ್ದೋ ಇಟ್ಟದ್ದೋ ಎಂದು ಹೇಳುವ ಕೆಲಸ ಮಾಡಿ ನಿವೃತ್ತರಾದವರು. ಬೆಳಗಿನಿಂದ ಯಾರು ಎಲ್ಲಿ ನಿಂತು ಏನು ಅಂದರೆಂದು ನಾನು ಬಾಗಿಲಲ್ಲೇ ಎಲ್ಲ ಒದರಿದೆ. ಕೈಚೀಲ ಕೆಳಗಿಡುವ ಮೊದಲೇ ಪ್ರಶ್ನೆ ಶುರುವಾಯಿತು.

"ಬೀಗ ಒಡೆದಿತ್ತಾ?"

"ಇಲ್ಲ ಅತ್ತೆ," ಎಂದೆ ನಾನು. ಅವಳ ಅತ್ತೆ ನನಗೂ ಅತ್ತೆಯೇ.

"ಹಾಗಾದ್ರೆ ಬೀಗ ಹಾಕೋಕೆ ಮೊದಲೇ ಹೋಗಿದೆ. ಹಾಕಿದ್ದು ಯಾರು?"

"ನಾನೇ. ಅಭ್ಯಾಸ ಮುಗಿಸಿ ನಾವಿಬ್ರೂ ಇನ್ನಷ್ಟು ಕುರ್ಚಿ ಕೇಳೋಕೆ ಆಫೀಸಿಗೆ ಹೋಗಿದ್ವಿ. ವಾಪಸ್ ಬಂದಾಗ ಅಮ್ಮ ಬಾಗಿಲ ಹತ್ರ ನಿಂತಿದ್ರು. ಹಸಿವು, ಬೇಗ ಬನ್ನಿ ಅಂದ್ರು. ದೀಪ ಆರಿಸಿ ಬೀಗ ಹಾಕಿದೆ."

"ವೇದಿಕೆ ಕಡೆ ನೋಡಿದ್ಯಾ?"

ನಾನು ತಲೆ ತಗ್ಗಿಸಿದೆ.

"ಹೋಗ್ಲಿ. ನೀವು ಆಫೀಸಿಗೆ ಹೋದಾಗ ಇಲ್ಲಿಗೆ ಯಾರ್ಯಾರು ಬಂದಿದ್ರು?"

ಮೂವರು: ಅಮ್ಮ ಅಲ್ಲೇ ಉಳಿದಿದ್ದರು, ಮೇಷ್ಟ್ರೂ ಗುಡುಗೂ ಬಂದು ಹೋಗಿದ್ದರು. ಪಿಸುಮಾತು ಅತ್ತೆಯ ಕಿವಿಯಲ್ಲಿ ಅವರಿಬ್ಬರ ಬಗ್ಗೆ ಏನೋ ಹೇಳಿದಳು. ಡ್ರಮ್ಸ್ ನಿಲ್ಲಿಸಿ ಗುಡುಗನ್ನೂ ಕರೆಸಿದೆವು.

"ನಾನು ಕಳ್ಳ ಅಲ್ಲ!" ಎನ್ನುತ್ತಲೇ ಅವನು ಒಳಗೆ ಬಂದ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋಬೇಡ. ನಿನ್ನೆ ಯಾಕೆ ಬಂದಿದ್ದೆ?"

"ಸ್ಟೂಲ್ ತಗೊಂಡು ಹೋಗೋಕೆ."

"ಇವತ್ತಿನ ಸಂಜೆ ನಿಂಗೆ ಬೇಕಿತ್ತಂತೆ?"

"ಬೇಕಿತ್ತು. ಸಿಗಲಿಲ್ಲ. ಅದಕ್ಕೆ ಗಿಟಾರ್ ಕದೀತಾರಾ? ಬೈದೆ, ಅಷ್ಟೇ."

ಅತ್ತೆ ಮೇಷ್ಟ್ರ ಕಡೆ ತಿರುಗಿದರು. "ಕೊನೇ ಹಾಡು ತೆಗೆದುಹಾಕು ಅಂದಿದ್ರಂತೆ ನೀವು?"

"ಅಂದಿದ್ದೆ. ಮನೆ ಹಾಡನ್ನ ಪರೀಕ್ಷೆಗೆ ತಂದ್ರೆ ಅಂಕ ಹೋಗುತ್ತೆ ಅಂತ. ಅವಳ ಒಳ್ಳೇದಕ್ಕೇ ಅಂದಿದ್ದು."

"ನಿನ್ನೆ ಬಂದಿದ್ದು?"

"ಕಿಟಕಿ ಹಾಕೋಕೆ. ಮಳೆ ಬರೋ ಹಾಗಿತ್ತು."

ಇನ್ನು ಅಮ್ಮ. ಅತ್ತೆ ಅವರೆದುರು ಮೊಣಕಾಲೂರಿ ಕುಳಿತರು. "ಅತ್ತಿಗೆ, ನೀವು ಯಾಕೆ ಇಲ್ಲೇ ಉಳಿದ್ರಿ?"

"ನನ್ನ ಕುರ್ಚಿ ಯಾವುದು ಅಂತ ಕೂತು ನೋಡ್ತಿದ್ದೆ."

"ಯಾರಾದ್ರೂ ಗಿಟಾರ್ ಎತ್ತಿದ್ದು ನೋಡಿದ್ರಾ?"

"ಇಲ್ಲ." ತಣ್ಣಗೆ ಹೇಳಿದರು. ನೀರು ಬೇಕಾ ಎಂದು ನಾನು ಹಿಂದಿನಿಂದ ಕೇಳಿದೆ. ಉತ್ತರ ಬರಲಿಲ್ಲ. ಪಾಪ, ಎಷ್ಟು ನೊಂದಿದ್ದಾರೋ ಅಂದುಕೊಂಡೆ.

ಗುಡುಗು ಮೇಷ್ಟ್ರ ಮೇಲೆ, ಮೇಷ್ಟ್ರು ಗುಡುಗಿನ ಮೇಲೆ ಹಾರಾಡಿದರು. ಅತ್ತೆ ಕೈ ಎತ್ತಿದರು.

"ಸಾಕು! ಎಲ್ರೂ ಬಾಯಿ ಮುಚ್ಕೊಂಡು ನಿಂತ್ಕೊಳ್ಳಿ. ಸುಟ್ಟ ಅಂಗಡಿಗೆ ಹೋದ್ರೆ ಮೊದಲು ಮೂಗಿಗೆ ಕೆಲಸ ಕೊಡ್ತಿದ್ದೆ. ಹಾಡೋರ ಜಾಗದಲ್ಲಿ ಕಿವಿಗೆ ಕೊಡೋಣ."

ಬೆಳಗಿನಿಂದ ಮೊದಲ ಬಾರಿ ಕೋಣೆ ನಿಶ್ಶಬ್ದವಾಯಿತು.

ಟಿಕ್ — ಟಿಕ್ — ಟಿಕ್ —

"ತಾಳದ ಡಬ್ಬಿ!" ಪಿಸುಮಾತು ಎದ್ದೇ ಬಿಟ್ಟಳು.

ಅಭ್ಯಾಸಕ್ಕೆ ಇಟ್ಟುಕೊಂಡಿದ್ದ ಪುಟ್ಟ ಬ್ಯಾಟರಿ ಯಂತ್ರ ಅದು, ಒಂದೇ ಲಯದಲ್ಲಿ ಬಡಿಯುತ್ತಿರುತ್ತದೆ. ಆರಿಸುವುದನ್ನು ಅವಳು ದಿನವೂ ಮರೆಯುತ್ತಿದ್ದಳು, ಮೇಷ್ಟ್ರು ದಿನವೂ ಬೈಯುತ್ತಿದ್ದರು. ಸದ್ದು ಹಿಡಿದು ಹೋದೆವು. ವೇದಿಕೆಯ ಹಿಂದಿನ ಉಗ್ರಾಣದಲ್ಲಿ, ಹಳೆಯ ಮಖಮಲ್ ಪರದೆಗಳ ರಾಶಿಯ ಕೆಳಗೆ ಗಿಟಾರ್ ಪೆಟ್ಟಿಗೆ. ಅದರ ಹೊರಗಿನ ಬಲೆಯ ಜೇಬಿನಲ್ಲಿ ತಾಳದ ಡಬ್ಬಿ. ಗಿಟಾರ್‌ಗೆ ಒಂದು ಗೀರೂ ಬಿದ್ದಿರಲಿಲ್ಲ.

ಹೋದ ಜೀವ ಬಂದಂತಾಯಿತು ನನಗೆ. ಪಿಸುಮಾತಿಗೆ ಆಗಲಿಲ್ಲ.

"ಯಾರು?" ಎಂದಳು. "ನಾನು ಹಾಡಬಾರದು ಅನ್ನೋರು ಈ ಕೋಣೇಲೇ ಇದ್ದಾರೆ. ಅವರು ಎದುರಿಗೆ ಕೂತಿರುವಾಗ ನನ್ನ ಬಾಯಲ್ಲಿ ಹಾಡು ಹೇಗೆ ಬರುತ್ತೆ ಅತ್ತೆ? ನಾನು ಹಾಡಲ್ಲ. ವರ್ಷ ಹೋದ್ರೆ ಹೋಗ್ಲಿ."

ಅತ್ತೆಯ ಮುಖ ಇಳಿದಿತ್ತು. ನಿಧಾನಕ್ಕೆ ಅಮ್ಮನ ಕುರ್ಚಿಯ ಹಿಂದೆ ಹೋಗಿ, ಕೈಯಲ್ಲಿದ್ದ ಬೀಗದ ಕೈ ಗೊಂಚಲನ್ನು ನೆಲಕ್ಕೆ ಬಿಟ್ಟರು. ಝಲ್ ಎಂದಿತು. ಗುಡುಗು ಬೆಚ್ಚಿದ. ಮೇಷ್ಟ್ರು ತಿರುಗಿದರು. ನಾನು ಕೂಗಿಯೇ ಬಿಟ್ಟೆ.

ಅಮ್ಮ ಅಲುಗಾಡಲಿಲ್ಲ.

"ಅನುಮಾನ ಎಲ್ಲರ ಮೇಲೂ ಬಿದ್ದಿದೆ, ಎಲ್ಲರ ಮುಂದೇನೇ ಇಳೀಬೇಕು," ಎಂದರು ಅತ್ತೆ. "ಕದ್ದ ಮಾಲು ಬಚ್ಚಿಡೋರು ಅದು ಟಿಕ್ ಟಿಕ್ ಅಂತ ಕೂಗ್ತಾ ಇದ್ರೆ ಹಾಗೇ ಬಿಡ್ತಾರಾ? ಡಬ್ಬಿ ಬಲೆ ಜೇಬಲ್ಲಿ ಕಣ್ಣಿಗೆ ಕಾಣೋ ಹಾಗೇ ಇತ್ತು. ಗುಂಡಿ ಒತ್ತಿದ್ರೆ ಮುಗೀತು. ಮೇಷ್ಟ್ರು ಒತ್ತದೆ ಇರ್ತಿದ್ರಾ? ದಿನಾ ಬೈಯೋದೇ ಅದಕ್ಕೆ. ತಾಳದಲ್ಲೇ ಬದುಕೋ ಈ ಗುಡುಗು? ಅವನೂ ಒತ್ತಿರೋನು. ಒತ್ತದೆ ಬಿಟ್ಟಿದ್ದು, ಆ ಸದ್ದು ಇದೆ ಅಂತಾನೇ ಗೊತ್ತಿಲ್ಲದೋರು."

"ಅತ್ತೆ..."

"ವರ್ಷ ಹೋಗುತ್ತೆ ಅಂತ ಮೇಷ್ಟ್ರು ಹಿಂದೆ ನಿಂತು ಹೇಳಿದ್ರಂತಲ್ಲ. ನಿಮ್ಮಮ್ಮ ತಿರುಗಿದ್ರಾ? ನಿನ್ನ ಜೊತೆ ಫೋನಲ್ಲಿ ಮಾತಾಡುವಾಗ ಯಾವಾಗ್ಲೂ ಮುಖ ಕಾಣ್ಬೇಕು ಅಂತಿದ್ರು, ಯಾಕೆ?"

ನಮ್ಮೆಲ್ಲರ ಕಣ್ಣು ತಮ್ಮ ಮೇಲಿರುವುದನ್ನು ಕಂಡು ಅಮ್ಮನಿಗೆ ಎಲ್ಲವೂ ಅರ್ಥವಾಯಿತು. ಪಿಸುಮಾತು ಅವರೆದುರು ಬಂದು ಕುಳಿತು ತಾಳದ ಡಬ್ಬಿಯನ್ನು ಅವರ ಮಡಿಲಲ್ಲಿಟ್ಟಳು.

ಅಮ್ಮ ಅದನ್ನು ನೋಡಿದರು. "ಇದು... ಈಗ್ಲೂ ಬಡೀತಾ ಇದೆಯಾ?"

ಅದು ಬಡಿಯುತ್ತಲೇ ಇತ್ತು. ಪಿಸುಮಾತು ಗುಂಡಿ ಒತ್ತಿ ಆರಿಸಿದಳು.

"ನೀನು ಇಲ್ಲಿಗೆ ಬಂದ ವರ್ಷದಿಂದ ಕೇಳೋದು ಕಮ್ಮಿ ಆಗ್ತಾ ಬಂತು ಕಣೇ," ಎಂದರು ಅಮ್ಮ. "ಈಗ ಏನೂ ಇಲ್ಲ. ಹೇಳಿದ್ರೆ ಓದು ಬಿಟ್ಟು ಓಡಿ ಬರ್ತಿದ್ದೆ ನೀನು. ನನ್ನ ಸಾಲು ಎಲ್ಲಿ ಬರುತ್ತೆ ಅಂತ ನಂಗೆ ಕೇಳ್ಸಲ್ಲ. ಎಲ್ಲರ ಮುಂದೆ ನಿನ್ನ ಹಾಡು ಕೆಡಿಸ್ತೀನಿ ಅಂತ ಹೆದರಿಕೆ ಆಯ್ತು. ಗಿಟಾರ್ ಸಿಗದಿದ್ರೆ ದಿನ ಮುಂದಕ್ಕೆ ಹಾಕ್ತಾರೆ, ಅಷ್ಟರಲ್ಲಿ ಏನಾದ್ರೂ ನೆಪ ಹೇಳಿದ್ರಾಯ್ತು ಅಂದ್ಕೊಂಡೆ. ಒಂದು ವರ್ಷಾನೇ ಹೋಗುತ್ತೆ ಅಂತ ನಂಗೆ ಗೊತ್ತಿರಲಿಲ್ಲ, ಈಗ ನಿನ್ನ ತುಟಿ ನೋಡೇ ತಿಳೀತು."

"ಹಾಗಾದ್ರೆ ನಾನು ಬರೆದಿದ್ದು ಒಂದೂ ಕೇಳಿಲ್ವಾ ನೀನು?"

"ಮೊದಲನೇದು ಕೇಳಿದೀನಿ."

ಪಿಸುಮಾತು ಅಮ್ಮನ ಮಡಿಲಿಗೆ ತಲೆಯಿಟ್ಟು ಅತ್ತಳು. ಆ ಸಣ್ಣ ಧ್ವನಿಯಲ್ಲಿ ಅಷ್ಟು ದೊಡ್ಡ ಅಳು ಇತ್ತೆಂದು ಯಾರಿಗೂ ತಿಳಿದಿರಲಿಲ್ಲ. ಗುಡುಗು ಸದ್ದಿಲ್ಲದೆ ಹೊರಗೆ ಹೋದ. ಮೇಷ್ಟ್ರು ಮುಚ್ಚಿದ್ದ ಕಿಟಕಿಯನ್ನೇ ಮತ್ತೆ ಮುಚ್ಚಲು ನೋಡಿದರು.

ಬಹಳ ಹೊತ್ತಿನ ಮೇಲೆ ಅವಳು ಮುಖ ಎತ್ತಿ, ತುಟಿ ಕಾಣುವಂತೆ ನಿಧಾನವಾಗಿ ಹೇಳಿದಳು: "ನಡುವೆ ಬೇಡಮ್ಮ. ಮೊದಲೇ ನೀನು ಹಾಡು. ನೀನು ಶುರು ಮಾಡು, ನಾನು ನಿನ್ನ ಹಿಂದೆ ಬರ್ತೀನಿ."

"ಶ್ರುತಿ ತಪ್ಪುತ್ತಲ್ಲೇ?"

"ತಪ್ಪಲಿ."

ಸಂಜೆ ಕುರ್ಚಿಗಳೆಲ್ಲ ತುಂಬಿದವು. ಗುಡುಗು ಬಾಗಿಲ ಬಳಿ ನಿಂತು, ಜೋರಾಗಿ ಉಸಿರಾಡಿದವರನ್ನೂ ಗದರುತ್ತಿದ್ದ. ಕೊನೆಯ ಹಾಡಿಗೆ ನಾನು ಅಮ್ಮನ ಕುರ್ಚಿಯನ್ನು ವೇದಿಕೆಯ ಮೇಲೆ, ಮಗಳಿಗೆ ಎದುರಾಗಿ ಇಟ್ಟೆ. ಅಮ್ಮ ಶುರು ಮಾಡಿದರು. ಶ್ರುತಿ ಬಹಳ ಇಳಿದಿತ್ತು. ಕೂದಲೆಳೆಯಷ್ಟು ತಪ್ಪಿದರೂ ಪಾಠ ನಿಲ್ಲಿಸುತ್ತಿದ್ದ ಮೇಷ್ಟ್ರು ಕಣ್ಣು ಮುಚ್ಚಿ ಕುಳಿತಿದ್ದರು. ಪಿಸುಮಾತು ಗಿಟಾರಿನ ತಂತಿಗಳನ್ನು ಒಂದೊಂದಾಗಿ ಇಳಿಸಿ ಅಮ್ಮನ ಧ್ವನಿಗೆ ಕೂಡಿಸತೊಡಗಿದಳು. ಅದು ಮುಗಿಯುವವರೆಗೂ ಅಮ್ಮ ಅದೇ ಸಾಲನ್ನು ಹಾಡುತ್ತಲೇ ಇದ್ದರು.

ಮಗಳು ತಲೆಯಾಡಿಸಿದಳು. ಅಮ್ಮ ನಿಲ್ಲಿಸಿದರು. ಆಮೇಲೆ ಅವಳು ಹಾಡಿದಳು, ಅಮ್ಮ ಅವಳ ತುಟಿಗಳನ್ನೇ ನೋಡುತ್ತಾ ಕುಳಿತರು.