ಹಗ್ಗದ ಚೀಲ

ಬುಧವಾರ ಬೆಳಿಗ್ಗೆ ಠಾಣೆಗೆ ಬಂದ ಹೆಂಗಸು ಕೂರಲು ಒಪ್ಪಲಿಲ್ಲ. ದಫೇದಾರ ಎರಡು ಸಲ ಕುರ್ಚಿ ತೋರಿಸಿದ. ಅವಳು ಮೇಜಿನ ಅಂಚು ಹಿಡಿದುಕೊಂಡು ನಿಂತೇ ಮಾತಾಡಿದಳು. ಹಿಂದಿನ ದಿನ ಮಧ್ಯಾಹ್ನ ಗ್ರಂಥಾಲಯದ ಹಿಂಭಾಗದ ಮಳೆಮರದಿಂದ ಬಿದ್ದು ಸತ್ತವನ ಹೆಂಡತಿ ಅವಳು. ಠಾಣೆಯಲ್ಲಿ ಅದು ಆಗಲೇ ಆಕಸ್ಮಿಕ ಸಾವೆಂದು ದಾಖಲಾಗಿತ್ತು. ಕಡತಕ್ಕೆ ದಾರ ಕಟ್ಟುವುದಷ್ಟೇ ಬಾಕಿ.

"ನನ್ನ ಗಂಡ ಸುಮ್ಮಸುಮ್ಮನೆ ಬೀಳೋ ಆಳಲ್ಲ ಸಾರ್," ಎಂದಳು. "ಮನೇಲಿ ಬಲ್ಬ್ ಹಾಕೋಕೆ ಸ್ಟೂಲ್ ಹತ್ತಿದ್ರೂ ನನ್ನ ಕೈಲಿ ಸ್ಟೂಲ್ ಹಿಡಿಸ್ತಿದ್ದ."

ಸತ್ತವನನ್ನು ಮರ ಹತ್ತುವ ಕಸುಬಿನವರೆಲ್ಲ ಅಳಿಲು ಎಂದೇ ಕರೆಯುತ್ತಿದ್ದರು. ಮುರಿಯುವಂತಿರುವ ಕೊಂಬೆ, ಒಣಗಿದ ತುದಿ, ತಂತಿಗೆ ತಾಗುವ ರೆಂಬೆ ಇವನ್ನೆಲ್ಲ ಹಗ್ಗದಲ್ಲಿ ತೂಗಿಕೊಂಡು ಕತ್ತರಿಸಿ ಇಳಿಸುವುದು ಅವನ ಕೆಲಸ. ಅವನ ಅಪ್ಪನೂ ಅದೇ ಕೆಲಸದವನು. ಒಮ್ಮೆ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಊರುಗೋಲು ಹಿಡಿದು ಮನೆಯಲ್ಲಿ ಕೂತಿದ್ದ. ಅವನಿಗೆ ದೊಡ್ಡ ಅಳಿಲು ಎಂದು ಹೆಸರು.

ಇನ್ಸ್‌ಪೆಕ್ಟರಿಗೆ ಎತ್ತರವೆಂದರೆ ಆಗದು, ಸ್ವಂತ ಮನೆಯ ತಾರಸಿಯ ಅಂಚಿಗೂ ಹೋಗುವವರಲ್ಲ. ಮರ ಹತ್ತುವವನು ಮರದಿಂದ ಬೀಳುವುದರಲ್ಲಿ ತನಿಖೆ ಮಾಡಲು ಏನಿದೆ ಎಂದು ಹಿಂದಿನ ದಿನ ಅಂದುಕೊಂಡಿದ್ದರು. ಆದರೂ ಹೆಂಗಸು ಅಳದೆ ನಿಂತಿದ್ದ ರೀತಿ ಅವರನ್ನು ಚುಚ್ಚಿತು. ಮಾಲಖಾನೆಯಿಂದ ಹಗ್ಗ ತರಿಸಿದರು. ಬೀಳುವಾಗ ಎರಡು ತುಂಡಾಗಿದ್ದ ಅದನ್ನು ಕಾನ್‌ಸ್ಟೆಬಲ್‌ಗಳು ಹಿಂಡಿದ ಬಟ್ಟೆಯಂತೆ ಸುತ್ತಿಟ್ಟಿದ್ದರು. ತುಂಡಾದ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ದಫೇದಾರನೇ ಮೊದಲು ನಾಲಿಗೆ ಕಚ್ಚಿಕೊಂಡ. ಒಂದು ಪಕ್ಕದ ಎಳೆಗಳು ಜಗ್ಗಿ ಹರಿದು ಕೆದರಿದ್ದವು. ಇನ್ನೊಂದು ಪಕ್ಕದವು ಸಮವಾಗಿ, ಚಪ್ಪಟೆಯಾಗಿ ನಿಂತಿದ್ದವು. ಅದು ಚಾಕುವಿನ ಕೆಲಸ.

ಹನ್ನೊಂದೂವರೆಗೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಇಬ್ಬರು ಗ್ರಂಥಾಲಯ ಸಿಬ್ಬಂದಿಯ ಸಮ್ಮುಖದಲ್ಲಿ ಸ್ಥಳ ಪಂಚನಾಮೆ ನಡೆಯಿತು. ಮರದ ಬುಡದಲ್ಲಿ ಗರಗಸದ ಹೊಟ್ಟು ಇನ್ನೂ ಹಸಿಯಾಗಿತ್ತು. ಹಗ್ಗ ಹಾದುಹೋಗಿದ್ದ ಕವಲಿನ ತೊಗಟೆ ಸವೆದು ನುಣ್ಣಗಾದದ್ದು ಕೆಳಗಿನಿಂದಲೇ ಕಾಣುತ್ತಿತ್ತು. ಹತ್ತುವವನಿಗೆ ಎರಡು ಆಸರೆ ಇರುತ್ತವೆ ಎಂದು ಕೆಲಸ ಹಿಡಿದಿದ್ದ ಗುತ್ತಿಗೆದಾರ ವಿವರಿಸಿದ: ಮೇಲಿನ ಕವಲಿಂದ ಬರುವ ಉದ್ದ ಹಗ್ಗ ಒಂದು, ಕೊಂಬೆಯನ್ನು ಬಳಸಿ ಸೊಂಟಕ್ಕೆ ಸಿಕ್ಕಿಸುವ ಗಿಡ್ಡ ಪಟ್ಟಿ ಇನ್ನೊಂದು. ಒಂದು ಕೊಂಬೆಯಿಂದ ಇನ್ನೊಂದಕ್ಕೆ ಜಿಗಿಯುವಾಗ ಮಾತ್ರ ಗಿಡ್ಡ ಪಟ್ಟಿ ಬಿಚ್ಚಬೇಕು. ಆ ಒಂದು ಗಳಿಗೆಯಲ್ಲಿ ಪ್ರಾಣವೆಲ್ಲ ಉದ್ದ ಹಗ್ಗದ ಮೇಲೆ. ಅಳಿಲು ಸತ್ತದ್ದು ಆ ಗಳಿಗೆಯಲ್ಲೇ.

ಯಾರ ಮೇಲಾದರೂ ಅನುಮಾನವೇ ಎಂದು ಕೇಳಿದಾಗ ಗುತ್ತಿಗೆದಾರ ಸುತ್ತಿ ಬಳಸಿ ಬುಡದಾಳಿನ ಹೆಸರು ಎತ್ತಿದ. ಮರದ ಕೆಳಗೆ ನಿಂತು ಸಾಮಾನು ಮೇಲೆ ಕಳಿಸುವ, ಬಿದ್ದ ಕೊಂಬೆ ಎಳೆಯುವ ಆಳು ಅವನು. ಹಿಂದಿನ ವಾರ ಹೆಲ್ಮೆಟ್ ಇಲ್ಲದೆ ಕೊಂಬೆಯಡಿ ನಿಂತಿದ್ದಕ್ಕೆ ಅಳಿಲು ಎಲ್ಲರೆದುರು ಅವನನ್ನು ಉಗಿದು ಉಪ್ಪಿನಕಾಯಿ ಹಾಕಿದ್ದ. ನೀನೂ ಒಂದಿನ ಬೀಳ್ತೀಯ, ನೋಡ್ತಿರು ಎಂದು ಬುಡದಾಳು ತಿರುಗಿ ಅಂದಿದ್ದ. ಅವನ ಬೆಲ್ಟಿನಲ್ಲಿ ಸದಾ ಒಂದು ಮಡಚು ಚಾಕು ಇರುತ್ತಿತ್ತು.

ಸಂಜೆ ಅವನನ್ನು ಠಾಣೆಗೆ ಕರೆತಂದರು. ದೊಡ್ಡ ಮೈ, ಅತ್ತು ಅತ್ತು ಊದಿದ ಮುಖ. ಇನ್ಸ್‌ಪೆಕ್ಟರ್ ಪೀಠಿಕೆ ಹಾಕಲಿಲ್ಲ.

"ಹಗ್ಗ ಮುಟ್ಟಿದ್ದು ಯಾರು?"

"ಹಗ್ಗದ ಚೀಲದ ದಾರ ನಾನೇ ಬಿಚ್ಚಿದ್ದು. ಒಳಗಿಂದ ಎಳ್ಕೊಂಡಿದ್ದು ಅವನು."

"ಹತ್ತೋ ಮುಂಚೆ ಹಗ್ಗ ನೋಡ್ಬೇಕು ಅನ್ನೋ ನಿಯಮ ಇಲ್ವಾ?"

"ಇದೆ. ಹತ್ತೋನೇ ನೋಡ್ಬೇಕು. ಅವನು ಪಟ್ಟಿ ನೋಡ್ದ, ಕೊಂಡಿ ನೋಡ್ದ, ನನ್ ಹೆಲ್ಮೆಟ್ಟೂ ನೋಡ್ದ. ಹಗ್ಗ ನೋಡ್ಲಿಲ್ಲ. ಯಾವತ್ತೂ ನೋಡಲ್ಲ."

"ಯಾಕೆ?"

ಬುಡದಾಳಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅವರಪ್ಪ ಚೀಲಕ್ಕೆ ತುಂಬಿದ ಹಗ್ಗ ಸಾರ್. ಅದನ್ನ ಇನ್ನೊಂದ್ಸಲ ನೋಡೋದಾ?"

ತಪ್ಪಿಸಿಕೊಳ್ಳಲು ಹೂಡಿದ ಮಾತು ಎಂದೇ ಇನ್ಸ್‌ಪೆಕ್ಟರ್ ಅಂದುಕೊಂಡರು. ಆದರೂ ಗುರುವಾರ ಬೆಳಿಗ್ಗೆ ಅಳಿಲಿನ ಮನೆಗೆ ಹೋದರು. ಮುಂದಿನ ಕೋಣೆಯೇ ದೊಡ್ಡ ಅಳಿಲಿನ ಕಾರ್ಖಾನೆ. ಗೋಡೆಯ ಗೂಟಗಳಲ್ಲಿ ಸೊಂಟಪಟ್ಟಿಗಳು ತೂಗುತ್ತಿದ್ದವು, ಮೇಜಿನ ಮೇಲೆ ಮೇಣ ಸವರಿದ ಹೊಲಿಗೆ ದಾರ, ದಬ್ಬಣ, ಬಾಗಿದ ಬಾಯಿಯ ಸಣ್ಣ ಚಾಕು. ಕಸುಬಿನವರ ಹರಿದ ಪಟ್ಟಿಗಳನ್ನು ಹೊಲಿದುಕೊಡುವುದು ಈಗ ಅವನ ಕೆಲಸ. ಪ್ರತಿ ಸಂಜೆ ಮಗ ತಂದ ಹಗ್ಗವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳಲ್ಲಿ ಹಾಯಿಸುತ್ತ ಚೀಲಕ್ಕೆ ತುಂಬಿ, ಬಾಯಿಗೆ ತನ್ನದೇ ಗಂಟು ಹಾಕುತ್ತಿದ್ದ.

ಸೋಮವಾರ ಸಂಜೆಯೂ ನಾನೇ ತುಂಬಿದೆ, ಹಗ್ಗ ಚೆನ್ನಾಗಿತ್ತು ಎಂದ. ಅಷ್ಟೇ. ಬುಡದಾಳು ಹೀಗೆ ಮಾಡಿರಬಹುದೇ ಎಂದು ಕೇಳಿದ್ದಕ್ಕೆ ಬಾಯಿಗೆ ಬೀಗ ಹಾಕಿಕೊಂಡು ಅಂಗಳದ ಕಡೆ ನೋಡಿದ. ಮಗನನ್ನು ಕಳೆದುಕೊಂಡವನನ್ನು ಇನ್ನೆಷ್ಟು ಕೆದಕುವುದೆಂದು ಇನ್ಸ್‌ಪೆಕ್ಟರ್ ಎದ್ದು ಬಂದರು. ಆ ಮೌನವೇ ಬುಡದಾಳನ್ನು ಲಾಕಪ್ಪಿಗೆ ತಳ್ಳಿತು. ಅವನ ತಾಯಿ ಎರಡು ದಿನ ಠಾಣೆಯ ಮೆಟ್ಟಿಲು ಬಿಟ್ಟು ಏಳಲಿಲ್ಲ.

ಶನಿವಾರ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬಂತು. ಬುಡದಾಳಿನ ಚಾಕುವಿನಲ್ಲಿ ಮರದ ಅಂಟು, ಯಂತ್ರದ ಎಣ್ಣೆ ಇತ್ತು. ಹಗ್ಗದ ಕೊಯ್ತದಲ್ಲಿ ಅವೆರಡೂ ಇರಲಿಲ್ಲ, ಸ್ವಲ್ಪ ಮೇಣ ಇತ್ತು. ಇನ್ಸ್‌ಪೆಕ್ಟರ್ ಅವತ್ತು ಮರದ ಬಳಿಯೇ ಇದ್ದ ಗ್ರಂಥಾಲಯದ ಕಾವಲುಗಾರನನ್ನು ಕರೆಸಿದರು. ಚೀಲದ ಗಂಟು ಬಿಗಿಯಾಗಿತ್ತೆಂದೂ, ಬುಡದಾಳು ಅದನ್ನು ಹಲ್ಲಿನಿಂದ ಸಡಿಲಿಸಿದ್ದನ್ನು ನೋಡಿ ತಾನು ನಕ್ಕಿದ್ದೆನೆಂದೂ ಅವನು ಹೇಳಿದ. ಅಂದರೆ ಮುದುಕ ಹಾಕಿದ ಗಂಟನ್ನು ಅಲ್ಲಿಯವರೆಗೆ ಯಾರೂ ಬಿಚ್ಚಿರಲಿಲ್ಲ, ಚೀಲದ ಬಾಯಿ ಕಟ್ಟುವ ಮೊದಲೇ ಹಗ್ಗವನ್ನು ಕೊಯ್ದಾಗಿತ್ತು.

"ಮುದುಕನ ಕಣ್ಣಿಗೆ ಕಂಡಿರಲಿಕ್ಕಿಲ್ಲ ಸಾರ್," ಎಂದ ದಫೇದಾರ. ಹಾಗೇ ಆಗಿರಲೆಂದು ಇನ್ಸ್‌ಪೆಕ್ಟರೂ ಒಳಗೊಳಗೇ ಬಯಸಿದರು.

ಅದೇ ಜಾತಿಯ ಹೊಸ ಹಗ್ಗ ತರಿಸಿ, ನಡುವೆ ಎಲ್ಲೋ ಒಂದು ಕಡೆ ಗುಂಡುಸೂಜಿಯಿಂದ ಒಂದೇ ಒಂದು ಎಳೆ ಎತ್ತುವಂತೆ ಮಹಿಳಾ ಕಾನ್‌ಸ್ಟೆಬಲ್‌ಗೆ ಹೇಳಿದರು. ಎತ್ತಿದ ಮೇಲೆ ಅವಳಿಗೇ ಆ ಜಾಗ ಮತ್ತೆ ಸಿಗಲಿಲ್ಲ.

ಸಂಜೆ ಹಗ್ಗವನ್ನು ದೊಡ್ಡ ಅಳಿಲಿನ ಮುಂದಿಟ್ಟು, ದಿನಾ ತುಂಬುತ್ತಿದ್ದ ಹಾಗೆ ತುಂಬಿ ತೋರಿಸಲು ಕೇಳಿದರು. ಸೊಸೆ ಒಳಬಾಗಿಲಲ್ಲಿ ನಿಂತಿದ್ದಳು. ಮುದುಕ ಚೀಲವನ್ನು ಮೊಣಕಾಲ ನಡುವೆ ಇರಿಸಿಕೊಂಡು ತುದಿ ಎಳೆದುಕೊಂಡ. ಒಮ್ಮೆಯೂ ಹಗ್ಗದ ಕಡೆ ನೋಡಲಿಲ್ಲ. ಕಣ್ಣು ಅಂಗಳದಲ್ಲಿ, ಮಗನ ಗಾಡಿ ನಿಲ್ಲುತ್ತಿದ್ದ ಜಾಗದ ಮೇಲೆ. ಹಗ್ಗ ನೀರಿನಂತೆ ಬೆರಳುಗಳ ನಡುವೆ ಹರಿದು ಚೀಲಕ್ಕೆ ಇಳಿಯುತ್ತಿತ್ತು. ಅರ್ಧ ತುಂಬುವ ಹೊತ್ತಿಗೆ ಹೆಬ್ಬೆರಳು ನಿಂತಿತು.

"ಇದು ಬೇಡ ಸಾರ್," ಎಂದ. "ಇಲ್ಲೊಂದು ಎಳೆ ಎದ್ದಿದೆ."

ತಾನು ಏನು ಹೇಳಿದೆನೆಂಬುದು ಅವನಿಗೆ ಆಮೇಲೆ ಹೊಳೆಯಿತು. ಹೆಬ್ಬೆರಳು ಮಾತ್ರ ಅಲ್ಲಿಂದ ಕದಲಲಿಲ್ಲ.

"ಅವತ್ತಿನ ಹಗ್ಗಾನ ಅರ್ಧದಷ್ಟು ಕೊಯ್ದಿದ್ರು," ಎಂದರು ಇನ್ಸ್‌ಪೆಕ್ಟರ್. "ಅದು ನಿಮ್ಮ ಕೈಗೆ ಸಿಗಲಿಲ್ವಾ?"

ಮುದುಕ ಚೀಲವನ್ನು ಪಕ್ಕಕ್ಕಿಟ್ಟ. ಆಮೇಲೆ ಅವನು ಹೇಳಿದ್ದನ್ನು ದಫೇದಾರ ಬರೆದುಕೊಂಡ. ಹಿಂದಿನ ವಾರ ಸ್ನಾನದ ಮನೆಯಿಂದ ಬಂದ ಮಗನ ಪಕ್ಕೆಯ ಮೇಲೆ ಅಂಗೈ ಅಗಲದ ಕಪ್ಪು ಗಾಯ ಕಂಡಿದ್ದ. ತೂಗಿ ಬಂದ ಕೊಂಬೆ ಬಡಿದಿತ್ತು. ಇವಳಿಗೆ ಹೇಳಬೇಡಪ್ಪಾ ಎಂದು ಮಗ ನಕ್ಕಿದ್ದ. ತಾನು ಬೀಳುವ ಮುಂಚಿನ ತಿಂಗಳು ತನ್ನ ಪಕ್ಕೆಯ ಮೇಲೂ ಅಂಥದೇ ಗಾಯವಿತ್ತು. ತಾನೂ ಹಾಗೇ ನಕ್ಕಿದ್ದೆ ಎಂದ ಮುದುಕ. ಅಂದಿನಿಂದ ದಿನಾ ಸಂಜೆ ಗಾಡಿಯ ಬಾಗಿಲ ಸದ್ದು ಕೇಳುವವರೆಗೆ ಅವನಿಗೆ ಜೀವದಲ್ಲಿ ಜೀವವಿರಲಿಲ್ಲ. ಕೆಲಸ ಬಿಡು ಎಂದು ಕಾಲು ಹಿಡಿದದ್ದೂ ಆಗಿತ್ತು. ಕೊನೆಗೆ ಹಗ್ಗ ಕೊಯ್ದ. ಮರದ ಬುಡದಲ್ಲಿ ಮಗ ಅದನ್ನು ನೋಡುತ್ತಾನೆ, ಯಾರೋ ಹಗೆ ಸಾಧಿಸುತ್ತಿದ್ದಾರೆಂದು ಹೆದರುತ್ತಾನೆ, ಹೆದರಿದವನು ಮತ್ತೆ ಹತ್ತುವುದಿಲ್ಲ ಎಂದು ಲೆಕ್ಕ ಹಾಕಿದ್ದ. ನೋಡದೇ ಹೋದರೂ ಉಳಿದರ್ಧ ಒಬ್ಬನ ಭಾರ ತಡೆಯುತ್ತದೆಂದು ಗೊತ್ತಿತ್ತು. ಬೆಳಿಗ್ಗೆಯಿಂದ ಕವಲಿಗೆ ಉಜ್ಜಿ ಉಜ್ಜಿ ಆ ಅರ್ಧವೂ ಸವೆಯುತ್ತದೆ ಎಂಬುದು, ಬದುಕಿಡೀ ಹಗ್ಗ ಹಿಡಿದವನ ತಲೆಗೆ ಆ ಒಂದು ದಿನ ಬರಲಿಲ್ಲ.

"ನಿನ್ನ ಹಗ್ಗ ನೀನೇ ನೋಡ್ಕೋ, ನಾನು ತುಂಬಿದ್ರೂ ಸರಿ, ಅಂತ ಕಲಿಸಿದ್ದೆ," ಎಂದ. "ಎಲ್ಲಾ ಕಲ್ತ. ಅದೊಂದು ಕಲೀಲಿಲ್ಲ."

ಬುಡದಾಳಿನ ಬಗ್ಗೆ ಕೇಳಿದಾಗ ತಲೆ ತಗ್ಗಿಸಿದ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಂಡಿದ್ದೆ, ಸೊಸೆಯ ಮುಖ ನೋಡಿ ನಾಲಿಗೆ ಏಳಲಿಲ್ಲ ಎಂದ. ಇನ್ಸ್‌ಪೆಕ್ಟರಿಗೆ ಸಿಟ್ಟು ಬಂತು, ಅದರ ಬೆನ್ನಿಗೇ ಸಂಕಟವೂ ಬಂತು. ಎರಡನ್ನೂ ನುಂಗಿಕೊಂಡು, ಬುಡದಾಳನ್ನು ಬಿಟ್ಟು ಕಳಿಸಲು ಅಲ್ಲಿಂದಲೇ ಠಾಣೆಗೆ ಫೋನ್ ಮಾಡಿದರು. ಬಾಗಿದ ಚಾಕುವನ್ನು ಪಂಚರ ಎದುರು ವಶಪಡಿಸಿಕೊಂಡು, ಕೊಲೆಯಲ್ಲದ ನರಹತ್ಯೆಯ ಆರೋಪದ ಮೇಲೆ ಮುದುಕನನ್ನು ಬಂಧಿಸಲಾಯಿತು. ಆಗ ಸಂಜೆ ಆರೂವರೆ.

ಬಂಧನದ ವಿಷಯವನ್ನು ಹತ್ತಿರದ ಸಂಬಂಧಿಗೆ ತಿಳಿಸಿ ಸಹಿ ಪಡೆಯಬೇಕೆಂಬುದು ನಿಯಮ. ಯಾರಿಗೆ ತಿಳಿಸಬೇಕೆಂದು ಮಹಿಳಾ ಕಾನ್‌ಸ್ಟೆಬಲ್ ಕೇಳಿದಳು.

"ಮಗನಿಗೆ," ಎಂದುಬಿಟ್ಟ ಮುದುಕ.

ಸೊಸೆ ಒಳಬಾಗಿಲಿಂದ ಬಂದು ಪೆನ್ನಿಗೆ ಕೈ ಚಾಚಿದಳು. ಬುಧವಾರ ದೂರಿನ ಮೇಲೆ ಹಾಕಿದ್ದ ಅದೇ ಸಹಿಯನ್ನು ಇದರ ಮೇಲೂ ಹಾಕಿದಳು.

"ಅವನು ಹಗ್ಗ ನೋಡ್ಲೇ ಇಲ್ವಾ ಮಾವ?"

"ನಾನು ತುಂಬಿದ್ದೆ ಅಲ್ವೇನಮ್ಮಾ," ಎಂದ.

ಜೀಪಿನ ಮೆಟ್ಟಿಲು ಎತ್ತರವಿತ್ತು, ಮುದುಕನ ಕಾಲು ಏಳಲಿಲ್ಲ. ದಿನಾ ಹೊಸ್ತಿಲು ದಾಟಿಸುವಾಗ ಮಾಡುವ ಹಾಗೆ ಸೊಸೆ ಅವನ ಮೊಣಕೈಯತ್ತ ಕೈ ನೀಡಿದಳು. ಕೈ ಅರ್ಧ ದಾರಿಯಲ್ಲೇ ನಿಂತಿತು. ಕಾನ್‌ಸ್ಟೆಬಲ್ ಅವನನ್ನು ಹಿಡಿದು ಹತ್ತಿಸಿದಳು.